ಕೆರಾಮತನ ಒದ್ದೆ ನಗಾರಿ

ಮುರ್ಷಿದಾಬಾದಿನ ಅರಮನೆ ಬಾಗಿಲ ಮೇಲೆ ಕುಳಿತು ಕೆರಾಮತ ನಗಾರಿಗೆ ಕೋಲು ಹಾಕಿದನೆಂದರೆ ಭಾಗೀರಥಿಯ ಮೀನುಗಳು ತಾವಾಗಿಯೇ ಹಾರಿ ಬೆಸ್ತರ ದೋಣಿಗೆ ಬೀಳುತ್ತಿದ್ದವು. ಇದನ್ನು ನಂಬದವರು ನಮ್ಮ ಓಣಿಯಲ್ಲಿ ಇಬ್ಬರೇ. ಒಬ್ಬ ಹುಟ್ಟುಕಿವುಡ. ಇನ್ನೊಬ್ಬ ಕೆರಾಮತನ ಹೆಂಡತಿ ಮೊಯ್ನಾಳ ತಮ್ಮ ಬಸೀರ. ಇವನು ನವಾಬರ ಫೌಜಿನಲ್ಲಿ ತೋಪು ಹಾರಿಸಿ ಹಾರಿಸಿ ಅರೆಗಿವುಡನಾದವನು.

"ಭಾವ, ನಿಂದು ಸತ್ತೆಮ್ಮೆ ಚರ್ಮ, ನಂದು ಕಂಚು. ನಮ್ಮಪ್ಪ ಏನು ನೋಡಿ ಸಂಬಂಧ ಕೂಡಿಸಿದ್ನೋ!" ಎಂದು ಬಸೀರ ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಿದ್ದ.

"ನಿನ್ನ ಕಂಚಿನ ಬಾಯಿಗೆ ಮದ್ದು ಸುರಿದ್ರೆ ಮಾತ್ರ ಮಾತಾಡುತ್ತೆ ಕಣೋ. ನನ್ನೆಮ್ಮೆ ಸತ್ತಮೇಲೂ ಸುಮ್ಮನಿರಲ್ಲ."

"ಅಲ್ಲಾ, ಇವರಿಬ್ಬರಲ್ಲಿ ಯಾರ ಬಾಯಾದ್ರೂ ಒಂದಿನ ಕಟ್ಟಪ್ಪಾ" ಎಂದು ಮೊಯ್ನಾ ಇಬ್ಬರ ಮುಂದೆಯೂ ಮಂಡಕ್ಕಿ ಸುರಿಯುತ್ತಿದ್ದಳು. ತಾಯಿ ಸತ್ತಾಗ ತೊಟ್ಟಿಲಲ್ಲಿದ್ದ ಈ ತಮ್ಮನನ್ನು ಸಾಕಿದವಳು ಅವಳೇ. ತಾನು ಹೆತ್ತದ್ದು ಒಂದೂ ಉಳಿದಿರಲಿಲ್ಲ.

ಆಗ ಕಂಪನಿಯವರು ಬಟ್ಟೆ ಕೊಳ್ಳಲು ಬಂದ ಜನ. ಕಾಸಿಂಬಜಾರಿನ ತಮ್ಮ ವ್ಯಾಪಾರದ ಕೋಠಿಯಲ್ಲಿ ಕುಳಿತು ರೇಷ್ಮೆಯನ್ನು ಬಿಸಿಲಿಗೆ ಹಿಡಿದು, ಮೂಗಿಗೆ ಹಿಡಿದು, ಒಂದೆಳೆ ಜಾರಿದ್ದರೂ ಹರಳೆಣ್ಣೆ ಕುಡಿದವರಂತೆ ಮುಖ ಮಾಡುತ್ತಿದ್ದರು. ಮಾಲಿಗೆ ಕಾವಲು ಬೇಕೆಂದರು. ಕಾವಲಿನವರಿಗೆ ಗೋಡೆ ಬೇಕೆಂದರು. ಗೋಡೆ ಬೋಳಾಗಿ ಕಾಣುತ್ತದೆ, ಮೇಲೆ ತೋಪುಗಳಿರಲಿ ಎಂದರು. ತೋಪು ಬಂದ ಮೇಲೆ ಅದಕ್ಕೊಂದು ಕೆಲಸ ಹುಡುಕಬೇಕಲ್ಲ! ಆ ವರ್ಷ ಆಷಾಢ ಹಿಡಿಯುವ ಹೊತ್ತಿಗೆ ಕಂಪನಿಯವರನ್ನು ತಡೆಯಲು ನವಾಬರ ಫೌಜೆಲ್ಲ ಪಲಾಶಿಯ ದಾರಿ ಹಿಡಿಯಿತು.

ಮಳೆಗಾಲದಲ್ಲಿ ನಗಾರಿಯ ಚರ್ಮ ನೆನೆದರೆ ನಾದ ಸತ್ತುಹೋಗುತ್ತದೆ. ಅದಕ್ಕೆ ಮೊಯ್ನಾ ಜೇನು ಕೀಳುವವರ ಬೆನ್ನುಬಿದ್ದು ಮೇಣ ತಂದು, ಹಳೆಯ ಸೀರೆಗಳನ್ನು ಮೂರು ಪದರ ಹೊಲಿದು, ಕಾದ ಮೇಣ ಬಳಿದು ಒಂದು ಮೇಣಬಟ್ಟೆ ಮಾಡಿದಳು. ಅದರ ಮೇಲೆ ಬಿದ್ದ ಹನಿ ನಾಚಿಕೊಂಡು ಮೋಡಕ್ಕೇ ವಾಪಸಾಗುತ್ತಿತ್ತು ಎನ್ನುತ್ತಾರೆ. ಫೌಜಿನ ಜೊತೆ ಗಂಡನೂ ಹೊರಟು ನಿಂತಾಗ ಅದನ್ನು ನಗಾರಿಗೆ ಹೊದಿಸಿ ಕಟ್ಟಿದಳು.

"ಇದು ನಿಮ್ಮ ನಗಾರಿಗಲ್ಲ, ನನ್ನ ತಮ್ಮನಿಗೆ" ಎಂದಳು. "ತೋಪಿನ ಸದ್ದಲ್ಲಿ ಅವನ ಕಿವಿಗೆ ಬೀಳೋದು ನಿಮ್ಮ ನಗಾರಿ ಒಂದೇ. ಹಿಂದಿರುಗೋ ಬಡಿತ ಬಡಿದ್ರೆ ತಾನೇ ಅವನು ತೋಪು ಬಿಡೋದು? ಅವನನ್ನ ಕರ್ಕೊಂಡೇ ಬನ್ನಿ. ಒಬ್ಬರೇ ಬರೋದಾದ್ರೆ ಬರ್ಲೇಬೇಡಿ."

ಅವಳು ತಮಾಷೆಗೆ ಹೇಳಿದ್ದಲ್ಲ. ನಗಾರಿಯ ಆ ಬಡಿತ ಬೀಳುವ ಮೊದಲೇ ತೋಪು ಬಿಟ್ಟು ಓಡಿದವನನ್ನು ಹಿಡಿದು ತಂದು ಅದೇ ತೋಪಿನ ಬಾಯಿಗೆ ಕಟ್ಟಿ ಹಾರಿಸುವುದು ಫೌಜಿನ ರಿವಾಜು.

ಪಲಾಶಿಯಲ್ಲಿ ನಮ್ಮ ಕಡೆ ತೋಪುಗಳಿದ್ದವು, ಕಂಪನಿಯವರ ಕಡೆ ಮಾವಿನ ತೋಪಿತ್ತು. ಅವರು ಮರಗಳ ಮರೆಗೆ ಸೇರಿಕೊಂಡಿದ್ದರು. ನಮ್ಮ ಒಂದೊಂದು ತೋಪೂ ಮನೆಯಷ್ಟು ದೊಡ್ಡ ಮರದ ಅಟ್ಟಣಿಗೆಯ ಮೇಲೆ. ಮುಂದೆ ಎಳೆಯಲು ಒಂದು ಸಂತೆಯಷ್ಟು ಎತ್ತು, ಹಿಂದೆ ಹಣೆಕೊಟ್ಟು ನೂಕಲು ಆನೆ. ಅದನ್ನು ಎಡಕ್ಕೆ ತಿರುಗಿಸಲು ಹೊರಟರೆ, ತಿರುಗಿ ಮುಗಿಯುವಷ್ಟರಲ್ಲಿ ಅಂದು ಹುಟ್ಟಿದ ಕರು ಉಳುಮೆಗೆ ಬರುತ್ತಿತ್ತು. ಇನ್ನು ಫೌಜು ಎಷ್ಟಿತ್ತೆಂದರೆ, ಎಲ್ಲರೂ ಒಟ್ಟಿಗೆ ಸೀನಿದ್ದರೆ ಕಂಪನಿಯವರು ಸಮುದ್ರಕ್ಕೆ ಹೋಗಿ ಬೀಳುತ್ತಿದ್ದರು. ಆದರೆ ಮುಕ್ಕಾಲು ಪಾಲಿನ ಸರದಾರರು, ಮದುವೆ ಮನೆಯಲ್ಲಿ ಊಟಕ್ಕೆ ಕರೆಯಲಿ ಎಂದು ಕಾದ ಬೀಗರ ಹಾಗೆ, ದೂರದಲ್ಲಿ ಮೀಸೆ ತಿರುವಿಕೊಂಡು ನಿಂತೇ ಇದ್ದರು. ಅವರನ್ನು ಊಟಕ್ಕೆ ಕರೆದವರು ಎದುರು ಕಡೆಯವರೆಂದು ಆಮೇಲೆ ತಿಳಿಯಿತು.

ಕೆರಾಮತನ ನಗಾರಿ ಕೆರೆ ಏರಿಯ ಮೇಲೆ. ಬಸೀರನ ತೋಪು ಅಲ್ಲಿಂದ ಕೂಗಳತೆಯಲ್ಲಿ. ಮಧ್ಯಾಹ್ನದವರೆಗೆ ಎರಡೂ ಕಡೆ ಗುಂಡು ಹಾರಿತು. ಆಮೇಲೆ ಆಕಾಶವೇ ಹರಿದುಬಿತ್ತು. ಕೆರಾಮತ ಮೇಣಬಟ್ಟೆಯನ್ನು ನಗಾರಿಗೆ ಹೊದಿಸಿ ಕಟ್ಟಿ, ಮೇಲೆ ತಾನೂ ಕೋಳಿ ಮೊಟ್ಟೆಯ ಮೇಲೆ ಕೂತಂತೆ ಕೂತ.

ಬಸೀರ ಕೆಸರಲ್ಲಿ ಜಾರುತ್ತಾ ಓಡಿ ಬಂದ.

"ಭಾವ, ಬಟ್ಟೆ ಕೊಡು! ಮದ್ದೆಲ್ಲ ಪಾಯಸ ಆಗ್ತಿದೆ. ಒಬ್ಬನ ಹತ್ರಾನೂ ಮುಚ್ಚೋಕೆ ಏನೂ ಇಲ್ಲ."

"ಕೊಟ್ರೆ ನಗಾರಿ ನೆನೆಯುತ್ತೆ. ಹಿಂದಿರುಗೋ ಹುಕುಂ ಬಂದ್ರೆ ಏನು ಬಡೀಲಿ, ನನ್ನ ತಲೆನಾ?"

"ಹಿಂದಿರುಗೋ ಮಾತ್ಯಾಕೆ ಈಗ? ಮದ್ದು ಹೋದ್ರೆ ಎಲ್ರೂ ಇಲ್ಲೇ ಸಾಯ್ತೀವಿ. ಕೊಡು ಅಂದ್ರೆ!"

ಕೆರಾಮತ ಹುಡುಗನ ಮುಖ ನೋಡಿದ. ಕೊಡದಿದ್ದರೆ ಬರಿಗೈಯಲ್ಲಿ ಶತ್ರುವಿನ ಮುಂದೆ ನಿಲ್ಲುತ್ತಾನೆ. ಕೊಟ್ಟರೆ ಅವನನ್ನು ಕರೆಯುವ ಬಾಯೇ ಕಟ್ಟಿಹೋಗುತ್ತದೆ. ಮಳೆಗೆ ನೆನೆದು ಬಿಗಿದ ಗಂಟು ಬೆರಳಿಗೆ ಬಗ್ಗಲಿಲ್ಲ. ಕೊನೆಗೆ ಹಲ್ಲಿನಿಂದ ಬಿಚ್ಚಿ ಕೊಟ್ಟ.

ಮಳೆ ನಿಂತಿತು. ತಮ್ಮ ಮದ್ದು ನೆನೆದಂತೆ ಅವರದೂ ನೆನೆದಿರುತ್ತದೆಂದು ನಮ್ಮ ಸವಾರರು ಮಾವಿನ ತೋಪಿನ ಮೇಲೆ ಕುದುರೆ ಬಿಟ್ಟರು. ಕಂಪನಿಯವರು ಬಟ್ಟೆ ವ್ಯಾಪಾರಿಗಳಲ್ಲವೆ! ಮೋಡ ಕಟ್ಟುತ್ತಲೇ ಮದ್ದಿಗೆಲ್ಲ ಅಚ್ಚುಕಟ್ಟಾಗಿ ಬಟ್ಟೆ ಹೊದಿಸಿ ಕೂತಿದ್ದರು. ಸವಾರರು ಹೋದಷ್ಟು ಮಂದಿ ತಿರುಗಿ ಬರಲಿಲ್ಲ. ನಮ್ಮ ಸಾಲಿನಲ್ಲಿ ಗುಡುಗಿದ್ದು ಬಸೀರನ ತೋಪು ಒಂದೇ.

ನಿಷ್ಠೆಯಿಂದ ಕಾದಾಡುತ್ತಿದ್ದ ಒಬ್ಬ ಸರದಾರನಿಗೂ ಗುಂಡು ತಗುಲಿತು. ನವಾಬರ ಡೇರೆಯಿಂದ ಸವಾರ ಬಂದು ಕೂಗಿದ: "ಹಿಂದಿರುಗಿ! ನಗಾರಿ ಬಾರಿಸಯ್ಯ!"

ಕೆರಾಮತ ಮೈಯ ಶಕ್ತಿಯನ್ನೆಲ್ಲ ಸೇರಿಸಿ ಕೋಲು ಬೀಸಿದ. ಧಪ್. ನೆನೆದ ಹಾಸಿಗೆಗೆ ಹೊಡೆದ ಹಾಗೆ. ಮತ್ತೆ ಹೊಡೆದ. ಧಪ್. ಮೀನನ್ನು ಹಾರಿಸಿದ ಕೈಗೆ ಈಗ ಒಂದು ಕಪ್ಪೆಯೂ ಹೆದರಲಿಲ್ಲ. ಉಳಿದವರಿಗೇನೋ ನಗಾರಿ ಬೇಕಿರಲಿಲ್ಲ; ಪಕ್ಕದವನು ಓಡಿದ್ದನ್ನು ನೋಡಿ ಓಡಿದರು. ಎತ್ತು ಹೊಡೆಯುವವರು ಹೋದರು, ಆನೆಯೂ ಹೋಯಿತು. ಹೊಗೆಯೊಳಗೆ ಬಸೀರನ ತೋಪು ಮಾತ್ರ ಮತ್ತೊಮ್ಮೆ ಗುಡುಗಿತು. ಮಾವಿನ ಮರಗಳ ಕೆಳಗಿಂದ ಕಂಪನಿಯ ಕೆಂಪಂಗಿಯವರು ಸಾಲುಗಟ್ಟಿ ಅದರ ಕಡೆಗೇ ಬರತೊಡಗಿದರು.

ಕೆರಾಮತ ಏರಿಯಿಂದ ಹಾರಿ, ಓಡಿ ಬರುವವರಿಗೆ ಎದುರಾಗಿ ಓಡಿದ. ಕೋಲು ಎರಡೂ ಕೈಯಲ್ಲೇ ಇದ್ದವು. ಅಟ್ಟಣಿಗೆ ಹತ್ತಿ ಬಸೀರನ ರಟ್ಟೆ ಹಿಡಿದ.

"ಬಾರೋ! ಎಲ್ಲ ಹೋದ್ರು!"

"ಏನು? ಬಾರು ಮಾಡ್ಲಾ?"

"ಓಡು ಅಂದೆ!"

"ನಗಾರಿ ಎಲ್ಲಿ ಬಿತ್ತು?" ಬಸೀರ ಕೈ ಕೊಡವಿದ. "ನಂಗೇನೂ ಕೇಳಿಸ್ಲಿಲ್ಲ. ನಗಾರಿ ಬೀಳದೆ ಇದನ್ನ ಬಿಟ್ರೆ ನಾಳೆ ಇದರ ಬಾಯಿಗೇ ಕಟ್ತಾರೆ. ನೀನು ಹೋಗು ಭಾವ, ಅಕ್ಕನ್ನ ನೋಡ್ಕೋ."

ಕೆಂಪಂಗಿಯವರು ನಿಂತರು. ಬಂದೂಕು ಎತ್ತಿದರು. ಕೂಗಿದರೆ ಕೇಳದ ಕಿವಿ, ಎಳೆದರೆ ಬರದ ಆಳು. ಕೆರಾಮತನಿಗೆ ಏನು ತೋಚಿತೋ, ಬಸೀರನನ್ನು ಗಿರ್ರನೆ ತಿರುಗಿಸಿ ಅವನ ಬೆನ್ನಿನ ಮೇಲೆ ಎರಡೂ ಕೋಲಿನಿಂದ ಬಾರಿಸಿದ: ಧಿಂ, ಧಿಂ, ತಕತಕ ಧಿಂ!

ಬಸೀರ ಗಕ್ಕನೆ ನಿಂತ.

ಧಿಂ, ಧಿಂ, ತಕತಕ ಧಿಂ!

"ಹಿಂದಿರುಗೋದಾ?" ಎಂದ ಬಸೀರ, ನಿದ್ದೆಯಿಂದ ಎದ್ದವನಂತೆ.

"ಹೌದು ಕಣಪ್ಪಾ, ಹೌದು!"

ಇಬ್ಬರೂ ಕೆಳಗೆ ಧುಮುಕಿದರು, ಬಂದೂಕಿನ ಸಾಲು ಸಿಡಿಯಿತು. ಒಂದು ಗುಂಡು ಬಸೀರನ ಎಡಗಿವಿಯ ತುದಿಯನ್ನು ಕಚ್ಚಿಕೊಂಡು ಹೋಯಿತು. ಹೇಗೂ ಕೆಲಸಕ್ಕೆ ಬಾರದ ಕಿವಿ, ಅವನೇನೂ ಕೇಳಲಿಲ್ಲ. ಮುರ್ಷಿದಾಬಾದಿನವರೆಗೂ ಕೆರಾಮತ ಅವನ ಬೆನ್ನು ಬಾರಿಸುತ್ತಲೇ ಬಂದನಂತೆ. ನಡುನಡುವೆ ದಾರಿಹೋಕರೂ ಆ ತಾಳಕ್ಕೆ ಓಡಿದರಂತೆ. ನಗಾರಿಯನ್ನು ಒಂದು ಅನಾಥ ಎತ್ತಿನ ಮೇಲೆ ಹೇರಿ ತಂದರು. ತೋಪನ್ನು, ಮದ್ದನ್ನು, ಅದರ ಮೇಲಿದ್ದ ಮೇಣಬಟ್ಟೆಯನ್ನು ಕಂಪನಿಯವರು ಒಯ್ದರು.

ಮೊಯ್ನಾ ಬಾಗಿಲಲ್ಲೇ ತಮ್ಮನ ಮೈಯನ್ನು ತಲೆಯಿಂದ ಕಾಲವರೆಗೆ ಸವರಿ ನೋಡಿದಳು. "ಬೆನ್ನ ಮೇಲೆ ಯಾರು ಹಿಂಗೆ ಹೊಡೆದೋರು?" ಎಂದು ಗಂಡನ ಕಡೆ ತಿರುಗಿದಳು. ಅವನು ಕೋಲುಗಳನ್ನು ಹಿಂದೆ ಬಚ್ಚಿಟ್ಟುಕೊಂಡ.

ಸ್ವಲ್ಪ ದಿನದಲ್ಲೇ ಅರಮನೆಯ ನಗಾರಿಯವರ ಮೇಲಧಿಕಾರಿಯಾದ ನೌಬತ್ತಿನ ದಾರೋಗಾ ಮನೆಗೆ ಬಂದ. "ಕೆರಾಮತ, ಹೊಸ ನವಾಬರು ಗಾದಿ ಏರ್ತಾರೆ. ಕಂಪನಿ ಸಾಹೇಬರೇ ಕೈಹಿಡಿದು ಕೂರಿಸ್ತಾರೆ. ನಗಾರಿ ತಗೊಂಡು ಬಾ."

"ಒದ್ದೆ ಇದೆ ಹುಜೂರ್."

"ಬಿಸಿಲಿಗಿಡು. ಬರಲಿಲ್ಲ ಅಂದ್ರೆ ಕೆಲಸ ಹೋಗುತ್ತೆ, ಜೊತೆಗೆ ತಲೆನೂ."

ಕೆರಾಮತ ಅದನ್ನು ಅಂಗಳದ ಬಿಸಿಲಿಗಿಟ್ಟ. ದಿನಾ ಬೆಳಿಗ್ಗೆ ಮೊಯ್ನಾ ಒಂದು ಕೊಡ ನೀರು ತಂದು ಅದರ ಮೇಲೆ ಸುರಿದಳು. ದಾರೋಗಾ ಮತ್ತೆ ಬರುವ ಹೊತ್ತಿಗೆ ನಗಾರಿಯ ಮೇಲೆ ಕುಂಬಳದ ಬಳ್ಳಿ ಹಬ್ಬಿ, ಹೂ ಬಿಟ್ಟು, ಚಂಡಿನಷ್ಟು ಕಾಯಿ ಕೂತಿತ್ತು.

"ಇದು ಯಾವತ್ತಮ್ಮ ಒಣಗೋದು?" ಎಂದು ಅವನು ಗದರಿದ.

ಕೆರಾಮತನ ಬಾಯಿ ಒಣಗಿತು. ಮೊಯ್ನಾ ಕೊಡ ಕೆಳಗಿಡಲಿಲ್ಲ. "ಕಂಪನಿಯೋರು ನನ್ನ ಮೇಣಬಟ್ಟೆ ಒಯ್ದಿದಾರೆ. ವಾಪಸ್ ತರಿಸಿಕೊಡಿ ಹುಜೂರ್, ಅದೇ ದಿನ ಒಣಗುತ್ತೆ."

ದಾರೋಗಾ ಅವಳನ್ನು ನೋಡಿದ, ಕುಂಬಳಕಾಯಿ ನೋಡಿದ. ಕಂಪನಿಯವರ ಬಾಗಿಲಿಗೆ ಹೋಗಿ ಒಂದು ಹಳೇ ಬಟ್ಟೆ ಕೊಡಿ ಎಂದು ಕೇಳುವ ಎದೆ ಅವನಿಗೂ ಇರಲಿಲ್ಲ, ಹೊಸ ನವಾಬರಿಗೂ ಇರಲಿಲ್ಲ. ಕೆಲಸ ಹೋಯಿತೆಂದು ಹೇಳಿ, ಕುಂಬಳಕಾಯಿ ಕಿತ್ತುಕೊಂಡು ನಡೆದ. ತಲೆಯ ಮಾತು ಎತ್ತಲಿಲ್ಲ. ಬಟ್ಟೆಗೆ ಬೆಲೆ ಕೊಡುತ್ತಿದ್ದವರು ಬೆಲೆಯಿಲ್ಲದೆ ಒಯ್ದದ್ದು ಮೊದಲು ಆ ಮೇಣಬಟ್ಟೆ. ಆಮೇಲೆ ಖಜಾನೆ ದೋಣಿ ಹತ್ತಿತು, ಆಮೇಲೆ ಕಂದಾಯ, ಆಮೇಲೆ ನಾವೂ.

ಬಸೀರನ ಕಿವಿ ಪೂರ್ತಿ ಹೋಯಿತು. ಅವನ ಬೆನ್ನಿಗೆ ಗೊತ್ತಿದ್ದದ್ದು ಒಂದೇ ಬಡಿತ. ಊಟಕ್ಕೆ ಕರೆಯಬೇಕಾದರೂ ಮೊಯ್ನಾ ಅದನ್ನೇ ಬಾರಿಸುತ್ತಿದ್ದಳು. ಅವನು ಕೈಯಲ್ಲಿದ್ದದ್ದನ್ನು ಬಿಸಾಡಿ ಒಳಗೆ ಓಡುತ್ತಿದ್ದ. ಕೆಂಪಂಗಿಯವರು ಓಣಿಯಲ್ಲಿ ಹಾದುಹೋಗುವಾಗ ಅವನು ಬಾಗಿಲಿಗೆ ಬಂದು, ಮುಷ್ಟಿ ಬಿಗಿದು, ಒಂದು ಹೆಜ್ಜೆ ಮುಂದಿಟ್ಟುಬಿಡುತ್ತಿದ್ದ. ಆಗ ಅಕ್ಕ ಹಿಂದಿನಿಂದ ಬಂದು ಅವನ ಬೆನ್ನಿನ ಮೇಲೆ ಅಂಗೈ ಇಡುತ್ತಿದ್ದಳು.

ಧಿಂ, ಧಿಂ, ತಕತಕ ಧಿಂ.