ಕಳೆ ಕಿತ್ತ ಪರೋಪಕಾರಿಗಳು

ಪರೋಪಕಾರಿಗಳನ್ನು ಕಂಡರೆ ನನಗೆ ಒಳಗೊಳಗೇ ಒಂದು ಸಣ್ಣ ಹೆದರಿಕೆ. ಒಂದು ಕಾಲಕ್ಕೆ ನಾನೂ ಅವರ ಪೈಕಿಯೇ ಆಗಿದ್ದುದರಿಂದ, ಈ ಹೆದರಿಕೆಗೆ ಆಧಾರವಿಲ್ಲವೆಂದು ಯಾರೂ ಹೇಳುವಂತಿಲ್ಲ. ಯಾರಾದರೂ ಅಂಗಿಯ ತೋಳು ಮಡಚಿಕೊಂಡು, ಮುಖದ ತುಂಬ ಪ್ರಸನ್ನತೆ ಹೊತ್ತು, 'ಏನಾದರೂ ಸಹಾಯ ಮಾಡೋಣವೆಂದು ಬಂದೆವು' ಎಂದರೆ ಸಾಕು, ಅವರ ಕೈಯಲ್ಲಿ ಕತ್ತಿ ಇದೆಯೇ ಎಂದು ನನ್ನ ಕಣ್ಣು ಮೊದಲು ಹುಡುಕುತ್ತದೆ.

ನಲವತ್ತರ ದಶಕ, ಯುದ್ಧ ಇನ್ನೂ ಮುಗಿದಿರಲಿಲ್ಲ. ನಾನು ಹೊನ್ನಾವರದ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಸಕ್ಕರೆಗೆ ರೇಶನ್ನು, ಸೀಮೆಎಣ್ಣೆಗೆ ರೇಶನ್ನು. ಉತ್ಸಾಹಕ್ಕೊಂದು ಚೀಟಿ ಮಾಡಲು ಸರಕಾರ ಮರೆತಿತ್ತು. ಹಾಗಾಗಿ ಅದು ನಮ್ಮಲ್ಲಿ ಧಾರಾಳವಾಗಿತ್ತು. ನಾವೊಂದು ಎಂಟು ಮಂದಿ ಸೇರಿ ಸೇವಾ ಮಂಡಳಿ ಕಟ್ಟಿದೆವು. ಊರಿನ ವಕೀಲರೊಬ್ಬರು ಅಧ್ಯಕ್ಷರು, ಅಕ್ಷರ ದುಂಡಗಿದ್ದ ಕಾರಣಕ್ಕೆ ನಾನು ಕಾರ್ಯದರ್ಶಿ. ರವಿವಾರ ಬಂತೆಂದರೆ ಊರ ಬಾವಿಯ ಕಟ್ಟೆ ತಿಕ್ಕುವುದು, ದಾರಿ ಬದಿಗೆ ಮಾವಿನ ಸಸಿ ನೆಡುವುದು, ನೆಟ್ಟದ್ದನ್ನು ಮೇದ ದನದ ಯಜಮಾನನಿಗೆ ಬುದ್ಧಿ ಹೇಳುವುದು, ಹೀಗೆ ನಡೆದಿತ್ತು.

ಹಾಗೇ ನಡೆದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಕುಮಟೆಯಲ್ಲೂ ಇಂಥದೊಂದು ಮಂಡಳಿ ಹುಟ್ಟಿ, ಅವರು ಒಂದು ಕೆರೆಯ ಹೂಳನ್ನೇ ಎತ್ತಿದರೆಂಬ ಸುದ್ದಿ ಬಂತು. ಹಣದಲ್ಲಿ, ಹುದ್ದೆಯಲ್ಲಿ ಮತ್ಸರ ಪಡುವವನು ತಾನು ಸಣ್ಣವನೆಂದು ಮನಸ್ಸಿನಲ್ಲಾದರೂ ಒಪ್ಪುತ್ತಾನೆ. ಪರೋಪಕಾರದ ಮತ್ಸರಕ್ಕೆ ಆ ನಾಚಿಕೆಯೂ ಇಲ್ಲ. ಕೆರೆಗಿಂತ ದೊಡ್ಡದು ಯಾವುದೆಂದು ನಾವು ಸುತ್ತಲೂ ನೋಡಿದೆವು. ಕಂಡದ್ದು ಸಮುದ್ರ.

ಹೊಳೆ ದಾಟಿದರೆ ಕಾಸರಕೋಡ. ಅಲ್ಲಿ ಮೀನುಗಾರರ ಮನೆಗಳು, ಮನೆಗಳ ಮುಂದೆ ಮೀನು ಒಣಗಿಸುವ ಅಂಗಳ, ಅಂಗಳದಾಚೆ ಮರಳ ದಿಬ್ಬ, ದಿಬ್ಬದ ತುಂಬ ಅಡ್ಡಾದಿಡ್ಡಿ ಹಬ್ಬಿದ ಬಳ್ಳಿ. ಆ ಊರಿಗೆ ಹೆಸರು ಬಂದದ್ದು ಕಾಸರಕವೆಂಬ ಕಹಿಮರದಿಂದ ಎಂದು ನನ್ನ ಎಣಿಕೆ. ನಮ್ಮ ವಕೀಲರು ಮಾತ್ರ 'ಕಸ' ಎಂಬ ಶಬ್ದವೇ ಎಳೆದು ಎಳೆದು ಹಾಗಾಗಿದೆ ಎಂದು ವಾದಿಸಿದರು. ಕೋರ್ಟಿನಲ್ಲಿ ಸೋತ ದಿನಗಳಲ್ಲಿ ಅವರಿಗೆ ವ್ಯುತ್ಪತ್ತಿಶಾಸ್ತ್ರದ ಹುಚ್ಚು ಹೆಚ್ಚು. ಅಂತೂ ದಂಡೆಯ ಕಸ ತೆಗೆದು ಚೊಕ್ಕ ಮಾಡುವುದೆಂದು ಠರಾವಾಯಿತು. ದೀಪಾವಳಿ ಕಳೆದ ಮೇಲಿನ ಒಂದು ರವಿವಾರ, ಎಂಟು ಕತ್ತಿ, ನಾಲ್ಕು ಗುದ್ದಲಿಗಳೊಂದಿಗೆ ದೋಣಿ ಹತ್ತಿದೆವು.

ದಂಡೆಗೆ ತೀರ ಹತ್ತಿರದ್ದು ದೇವಮ್ಮನ ಮನೆ. ಐವತ್ತು ದಾಟಿದ ಹೆಂಗಸು; ಗಂಡ ತೀರಿಕೊಂಡ ಮೇಲೆ ಮೀನು ಒಣಗಿಸಿ ಮಾರಿಯೇ ಮನೆ ನಡೆಸುತ್ತಿದ್ದವಳು. ಬೇಸಿಗೆಯಲ್ಲಿ ಆ ಅಂಗಳದಲ್ಲಿ ಒಣಗಿದ್ದೇ ಮಳೆಗಾಲದಲ್ಲಿ ಅವಳ ಅನ್ನ. ನಮ್ಮನ್ನು ಕಂಡು ಹೊರಗೆ ಬಂದಳು.

"ಎಂತಕ್ಕೆ ಬಂದ್ರಿ, ಮಾಸ್ತರೆ?"

ಸೇವೆಗೆ ಬಂದೆವು ಎಂದೆ.

"ಸೇವೆನಾ? ಯಾವ ದೇವ್ರದ್ದು?"

ವಕೀಲರು ಗಂಭೀರವಾಗಿ, "ಜನತಾ ಜನಾರ್ದನನದ್ದು" ಎಂದರು.

"ಆ ದೇವಸ್ಥಾನ ಎಲ್ಲಿ ಬಂತು?" ಎಂದು ದೇವಮ್ಮ ನಿಜವಾಗಿಯೂ ತಿಳಿಯದೆ ಕೇಳಿದಳು. ಆಮೇಲೆ, ದೇವರು ಯಾವುದಾದರೇನು, ಬಂದವರು ಬಿಸಿಲಲ್ಲಿ ಬಂದಿದ್ದಾರೆ ಎಂದುಕೊಂಡು ಒಳಗೆ ಹೋಗಿ, ತಂಬಿಗೆಯಲ್ಲಿ ನೀರು, ಎಲೆಯ ಮೇಲೆ ಬೆಲ್ಲ ತಂದಳು. "ಕೂತ್ಕಣಿ. ಮೊದ್ಲು ಆಸ್ರಿ ಆಗ್ಲಿ."

ನಮ್ಮ ಕಡೆಯಲ್ಲಿ ಬಂದವರಿಗೆ ಮೊದಲು ಕೊಡುವುದು ಆಸರಿ, ಎಂದರೆ ಬಾಯಾರಿಕೆಗೆ ಏನಾದರೊಂದು. ಅದಾಗುವವರೆಗೆ ಬಂದ ಕೆಲಸ ಎತ್ತುವಂತಿಲ್ಲ. ಜಗಳಕ್ಕೆ ಬಂದವನೂ ಆಸರಿ ಕುಡಿದೇ ಜಗಳ ಸುರು ಮಾಡಬೇಕು. ನಾವು ಬೇಡವೆಂದೆವು. 'ಸೇವೆಗೆ ಹೋದಲ್ಲಿ ನೀರನ್ನೂ ಮುಟ್ಟಬಾರದು' ಎಂಬುದು ನಮ್ಮ ಮಂಡಳಿಯ ಮೂರನೆಯ ನಿಯಮ. ಬರೆದವನು ನಾನೇ. ಕೇಳಿದವರಿಗೆ ಅದರಲ್ಲಿ ತ್ಯಾಗ ಕಾಣುತ್ತಿತ್ತು. ಒಳಗಿದ್ದದ್ದು ಬೇರೆ: ಬೇರೆ ಜಾತಿಯವರ ಮನೆಯ ನೀರು ಕುಡಿದ ಸುದ್ದಿ ನಮ್ಮ ನಮ್ಮ ಮನೆಯ ಹೆಂಗಸರಿಗೆ ಮುಟ್ಟಿದರೆ ಏನು ಗತಿ ಎಂಬ ಹೆದರಿಕೆ. ಹೇಡಿತನಕ್ಕೆ ಎಷ್ಟು ದುಂಡಗಿನ ಅಕ್ಷರ! ದೇವಮ್ಮ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ನಾವು ಮೂರು ರವಿವಾರ ಬಿಡದೆ ದುಡಿದು, ಅವಳ ಮನೆಯೆದುರಿನ ದಿಬ್ಬದ ಮೇಲೆ ಒಂದೇ ಒಂದು ಎಲೆ ಉಳಿಯದಂತೆ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಟ್ಟೆವು. ದಂಡೆ ಕ್ಷೌರ ಮಾಡಿದ ತಲೆಯಂತೆ ಹೊಳೆಯಿತು. ಕುಮಟೆಯವರಿಗೆ ಒಂದು ಕಾಗದವನ್ನೂ ಬರೆದೆ. ಸುಮ್ಮನೆ, ಕ್ಷೇಮ ಸಮಾಚಾರಕ್ಕೆ.

ಕನ್ನಡದಲ್ಲಿ 'ಕಳೆ' ಎಂಬ ಒಂದು ಶಬ್ದವಿದೆ. ಗದ್ದೆಯಲ್ಲಿ ಬೇಡದೆ ಹುಟ್ಟಿದ್ದೂ ಕಳೆ, ಮುಖದ ಮೇಲಿನ ತೇಜಸ್ಸೂ ಕಳೆ. ಕೈಯಲ್ಲಿದ್ದದ್ದು ಕೈಬಿಟ್ಟು ಹೋದರೆ ಅದನ್ನೂ ಕಳೆದುಕೊಳ್ಳುವುದು ಎನ್ನುತ್ತೇವೆ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೆ. ಮೂರೂ ಅರ್ಥ ಒಂದೇ ದಿಬ್ಬದ ಮೇಲೆ ಒಟ್ಟಿಗೆ ಸಿಗಬಹುದೆಂದು ಮಾತ್ರ ಹೊಳೆದಿರಲಿಲ್ಲ.

ಶಿವರಾತ್ರಿ ಕಳೆದು ಮಧ್ಯಾಹ್ನದ ಪಡುಗಾಳಿ ಬೀಸಲು ಹತ್ತಿತು. ಒಂದು ದಿನ ವಕೀಲರು ಶಾಲೆಯ ಬಾಗಿಲಿಗೇ ಬಂದು, "ಎಂತ ಆತೋ ಮಾರಾಯಾ ಇದು! ಕಾಸರಕೋಡಲ್ಲಿ ಮರಳು ನಡೀತಾ ಇದ್ದಡ" ಎಂದರು. ಹೋಗಿ ನೋಡಿದರೆ ನಿಜವಾಗಿಯೂ ನಡೆಯುತ್ತಿತ್ತು. ಬಳ್ಳಿ ಹಿಡಿದಿಟ್ಟಿದ್ದ ದಿಬ್ಬ ಗಾಳಿಯೊಡನೆ ಎದ್ದು ದೇವಮ್ಮನ ಅಂಗಳಕ್ಕೆ ಬಂದು ಕೂತಿತ್ತು. ಒಣಗಲು ಹರಡಿದ ಮೀನೆಲ್ಲ ಮರಳು ಮರಳು. ಘಟ್ಟದ ಮೇಲಿನ ವ್ಯಾಪಾರಿ ಒಂದು ಮೀನು ಕಚ್ಚಿ ನೋಡಿ, ಉಗಿದು, ಬುಟ್ಟಿ ಖಾಲಿಯೇ ಹೊತ್ತುಕೊಂಡು ಹೋಗಿದ್ದ. ಹೀಗೇ ಮಳೆಗಾಲದವರೆಗೆ ನಡೆದರೆ ಆ ವರ್ಷ ದೇವಮ್ಮನಿಗೆ ಅನ್ನವಿಲ್ಲ. ಅದನ್ನು ನಮಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವಳು ಹೊಸ್ತಿಲ ಮರಳನ್ನು ತೆಂಗಿನ ಗೆರಟೆಯಲ್ಲಿ ಮೊಗೆದು ಮೊಗೆದು ಹೊರಗೆ ಹಾಕುತ್ತಿದ್ದಳು.

ನನಗೆ ಅಳುವೇ ಬಂದಿತ್ತು. ಆದರೂ ಮಾಸ್ತರನ ಬುದ್ಧಿ, ತಪ್ಪಿನಲ್ಲಿ ಅವಳಿಗೂ ಒಂದು ಪಾಲು ಕೊಡಲು ಹೊರಟೆ: "ನಾವು ಕೀಳುವಾಗ ನೀನು ಒಂದು ಮಾತು ಹೇಳಬಾರದಿತ್ತೇ ದೇವಮ್ಮಾ?"

ಅವಳು ಗೆರಟೆ ಕೆಳಗಿಟ್ಟಳು. "ಹೇಳುಕೆ ನೀವು ಕೂತ್ಕಂಡ್ರೆ ಅಲ್ದ್ರಾ? ನಮ್ಮನೆ ನೀರೇ ಬ್ಯಾಡ ಅಂದವ್ರಿಗೆ ನಮ್ಮ ಮಾತು ಬೇಕಾಗ್ತಿತ್ತಾ?"

ಸಿಟ್ಟಿನಿಂದ ಅಂದದ್ದಲ್ಲ, ಹಾಗಾಗಿಯೇ ತಡೆದುಕೊಳ್ಳಲಾಗಲಿಲ್ಲ. ನಾನು ಅಲ್ಲೇ ಜಗಲಿಯ ಮರಳಿನ ಮೇಲೆ ಕೂತು, "ಆಸರಿಗೆ ಕೊಡು" ಎಂದೆ. ತಂಬಿಗೆ ಬಂತು. ನಾನು ಕೈ ಚಾಚುವುದರೊಳಗೆ ವಕೀಲರು ಅದನ್ನು ಕಸಿದು ಗಟಗಟನೆ ಅರ್ಧ ಕುಡಿದು, "ಹೂಂ, ಇನ್ನು ಮನೆಯಲ್ಲಿ ಅಪೀಲು ನಡೆಯಲಿ" ಎಂದರು. ಉಳಿದರ್ಧ ನಾನು ಕುಡಿದೆ. ನೀರು ಸ್ವಲ್ಪ ಉಪ್ಪು. ಆ ವಾರ ನನ್ನ ತಾಯಿ ನನ್ನ ಊಟದ ಎಲೆಯನ್ನು ಹೊರಗಿನ ಜಗಲಿಯಲ್ಲಿ ಹಾಕಿದರು. ಅಲ್ಲಿ ಗಾಳಿ ಚೆನ್ನಾಗಿತ್ತು, ನಾನು ದೂರಲಿಲ್ಲ.

ಕೂತ ಮೇಲೆ ಮಾತು ತಾನಾಗಿ ಬಂತು. ನಾವು ಕಸವೆಂದದ್ದು ಬಂಗಡಬಳ್ಳಿ. ಬಂಗಡೆ ಮೀನಿಗೂ ಇದಕ್ಕೂ ಏನು ನಂಟೋ ನನಗೆ ಈಗಲೂ ತಿಳಿಯದು. ಎಲೆ ದನದ ಗೊರಸಿನ ಹಾಗೆ ಎರಡಾಗಿ ಸೀಳಿರುತ್ತದೆ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮರಳನ್ನು ಬಿಗಿಯುತ್ತದೆ. ಸದ್ಯಕ್ಕೆ ತೆಂಗಿನ ಗರಿಯ ಮಡಲು ಹೆಣೆದು ಗಾಳಿಗೆ ಅಡ್ಡ ಕಟ್ಟಬೇಕು, ಮೊದಲ ಮಳೆಗೆ ಬಳ್ಳಿ ನೆಡಬೇಕು ಎಂದಳು ದೇವಮ್ಮ. ಪಕ್ಕದ ಮನೆಯವರ ದಿಬ್ಬದಿಂದ ನಾಲ್ಕು ತುಂಡು ತರೋಣವೇ ಎಂದರೆ, "ಒಬ್ಬರ ಮನೆ ಮಾಡಿನ ಹುಲ್ಲು ಕಿತ್ತು ಇನ್ನೊಬ್ಬರಿಗೆ ಹೊದಿಸೂದು ಬ್ಯಾಡ" ಎಂದು ತಡೆದಳು. ಆ ಬೇಸಿಗೆಯಿಡೀ ಎಂಟು ಮಂದಿ ಸೇವಕರು ತೆಂಗಿನ ಮಡಲು ಹೆಣೆಯುವುದನ್ನು ಅವಳ ಅಂಗಳದಲ್ಲಿ ಕಲಿತೆವು. ಮೊದಲ ವಾರ ಹೆಣೆದದ್ದನ್ನು ಅವಳು ಬಿಚ್ಚಿ ಮತ್ತೆ ಹೆಣೆದಳು. ಅಡ್ಡ ನಿಂತ ಮೇಲೆ ಮೀನು ಅರ್ಧಕ್ಕರ್ಧ ಉಳಿಯಿತು. ಹಾಳಾದ ಅರ್ಧದ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ.

ಬಳ್ಳಿ ತಂದದ್ದು ಮುರ್ಡೇಶ್ವರದ ಆಚೆ, ಮನೆಮಠವಿಲ್ಲದ ದಂಡೆಯಿಂದ. ಭಟ್ಕಳದಿಂದ ಬರುವ, ಪೆಟ್ರೋಲಿನ ಅಭಾವಕ್ಕೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು. ಅದರ ನೆತ್ತಿಯ ಮೇಲೆ ಬಳ್ಳಿಯ ಹೊರೆ, ಹೊರೆಯ ಮೇಲೆ ಒದ್ದೆ ಗೋಣಿ. ಕಂಡಕ್ಟರು ಒಂದು ಎಲೆ ಮೂಸಿ, "ಇದು ಯಾವ ಕಾಯಿಲೆಗೆ ಮದ್ದು ಸ್ವಾಮಿ?" ಎಂದು ಕೇಳಿದ.

"ಬುದ್ಧಿವಂತಿಕೆಗೆ" ಎಂದರು ವಕೀಲರು. ಪಾಪ, ಅವನು ಎರಡು ಎಲೆ ಕಿಸೆಗೆ ಹಾಕಿಕೊಂಡ.

ಮೊದಲ ಮಳೆಗೆ ನೆಟ್ಟೆವು: ಎರಡು ಗೆಣ್ಣು ಮರಳಿನೊಳಗೆ, ಒಂದು ಮೇಲೆ. ಮಂಡಳಿಯ ಮೂರನೆಯ ನಿಯಮವನ್ನು ಹೊಡೆದು ಹಾಕಿ, ಹೋದಲ್ಲಿ ಮೊದಲು ಕೂತು ನೀರು ಕುಡಿಯಬೇಕೆಂದು ಬರೆದೆ. ಇಬ್ಬರು ಸದಸ್ಯರು ಬಿಟ್ಟು ಹೋದರು. ಮಳೆಗಾಲವಿಡೀ ಹೊಳೆ ದಾಟಲಾಗದೆ, ಏನಾಯಿತೋ ಎಂದು ಆಚೆ ದಡ ನೋಡುವುದೇ ಕೆಲಸವಾಯಿತು.

ನವರಾತ್ರಿಯ ಹೊತ್ತಿಗೆ ದೋಣಿ ಸಿಕ್ಕಿತು, ವಕೀಲರೂ ನಾನೂ ಹೋದೆವು. ದಿಬ್ಬದ ಮೇಲೆ ಅಲ್ಲಲ್ಲಿ ನೇರಳೆ ಹೂ. ಮರಳು ಇದ್ದಲ್ಲೇ ಇತ್ತು. ದೇವಮ್ಮ ಬಗ್ಗಿ ಒಂದು ಬಳ್ಳಿಯನ್ನು ಹಿಡಿದೆಳೆದಳು, ಅದು ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದಳು, ಆಗಲೂ ಬರಲಿಲ್ಲ. ನನ್ನ ಹಿಗ್ಗು ಮುಖದಲ್ಲಿ ಕಂಡಿರಬೇಕು. ನಮ್ಮ ಸೇವೆ ಹೇಗಾಯಿತೆಂದು ಅವಳ ಬಾಯಿಂದಲೇ ಕೇಳುವ ಆಸೆ.

"ಬಳ್ಳಿ ಹಿಡ್ಕಂತು, ಮಾಸ್ತರೆ" ಎಂದಳು. ಆಮೇಲೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ಒಮ್ಮೆ ನೋಡಿ, ಪ್ರೀತಿಯಿಂದಲೇ ಹೇಳಿದಳು: "ನಿಮಗೆ ಇನ್ನೊಂದ್ ಎರಡು ಮಳೆಗಾಲ ಬೇಕಾಗ್ತದೆ."

ಆಮೇಲೆ ಎಷ್ಟೋ ಮಳೆಗಾಲ ಬಂದು ಹೋದವು. ಎರಡೆಂದು ಹೇಳಿದ್ದು ಅವಳ ದಾಕ್ಷಿಣ್ಯ ಇರಬೇಕು.