ಬ್ರೇಕ್ ಲೈಟಿನ ಸಾಕ್ಷಿ

ನನ್ನ ಫೋರ್‌ವೀಲ್ ಡ್ರೈವ್ ಜೀಪಿನ ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಮೂಡಬಿದಿರೆಯ ಮೆಕ್ಯಾನಿಕ್ ಹಸನಬ್ಬ ಅದರ ಕೇಬಲ್ ಕಿತ್ತು, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಕೂರಿಸಿದ. ನನಗೆ ನಂಬಿಕೆ ಬರಲಿಲ್ಲ. ಹಾಗೆಂದು ಹೇಳಿಯೂಬಿಟ್ಟೆ.

ವೇಣೂರು ದಾರಿಯ ಏರಿನಲ್ಲಿ, ಸ್ಟಿಯರಿಂಗ್ ಹಿಡಿದಿದ್ದ ನನಗೆ ಜೀಪನ್ನು ನ್ಯೂಟ್ರಲಿನಲ್ಲಿ ನಿಲ್ಲಿಸಲು ಹೇಳಿ, ಹೊಸ ಬ್ರೇಕಿನ ಲಿವರ್ ಎಳೆಸಿದ. ತಾನು ಇಳಿದು, ಜೀಪು ಹಿಂದಕ್ಕೆ ಜಾರಿದರೆ ಮೊದಲು ಸಿಗುವ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ.

"ಇನ್ನು ಬ್ರೇಕ್ ಪೆಡಲಿನಿಂದ ಕಾಲು ತೆಗೀರಿ ಸಾರ್."

"ತೆಗೆದಿದ್ದೇನೆ," ಎಂದೆ.

"ಇಲ್ಲಿ ಕೆಂಪು ಲೈಟು ಉರೀತಾ ಉಂಟು ಮಾರಾಯ್ರೆ. ಸುಳ್ಳು ಹೇಳುವುದಾದರೆ ಮೊದಲು ಬಲ್ಬು ಕಳಚಿ."

ಕಣ್ಣು ಮುಚ್ಚಿ ಕಾಲೆತ್ತಿದೆ. ಜೀಪು ಅಲುಗಲಿಲ್ಲ. ಅವನು ಬೀಡಿ ಮುಗಿಸಿಯೇ ಎದ್ದ.

ಜೀಪೇನೋ ನಿಂತಿತು, ಆದರೆ ಮುಂದೆ ಬೆಳ್ತಂಗಡಿ ಮುಟ್ಟುವವರೆಗೂ ಏರಿನಲ್ಲಿ ನಿಲ್ಲಿಸಿದಾಗಲೆಲ್ಲ ನನ್ನ ಕಾಲು ಪೆಡಲಿನ ಮೇಲೇ ಇತ್ತು.