ಹೂಜಿ ಎತ್ತುತ್ತಿದ್ದ ಚಾಚಾ

ಕೆಲಸ ಶುರುಮಾಡುವ ಮೊದಲು ಅವರು ವಾಚು ಬಿಚ್ಚಿ ಕಿಸೆಗೆ ಹಾಕಿ, ಬೆಲ್ಟಿನ ಬಕಲನ್ನು ಹೊಟ್ಟೆಯ ಮೇಲಿಂದ ಸೊಂಟದ ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದರು. ಮೈಗೆ ಒತ್ತಿ ಹಿಡಿಯುವ ಮಡಕೆಗೆ ಲೋಹ ತಾಗಬಾರದು. ಮದರಂಗಿ ಹಚ್ಚಿದ ಗಡ್ಡ, ಒಣಕಲು ದೇಹ. ಭಟ್ಕಳದವರು. ದುಬೈಯ ದೇರಾದಲ್ಲಿನ ಪಿಂಗಾಣಿ ಅಂಗಡಿಯೊಂದರಲ್ಲಿ ಬಹುಕಾಲ ಪ್ಯಾಕಿಂಗ್ ಮಾಡಿ, ಆಮೇಲೆ ಅಬುಧಾಬಿಯ ಮ್ಯೂಸಿಯಂ ಒಂದಕ್ಕೆ ಸೇರಿದ್ದರು. ನಾನು ಅಲ್ಲಿ ಫೋಟೋಗ್ರಾಫರ್, ಮೈಸೂರಿನವಳು. ಅವರನ್ನು ಚಾಚಾ ಎನ್ನುತ್ತಿದ್ದೆ.

ಮ್ಯೂಸಿಯಮ್ಮಿನ ಪ್ರಾಚೀನ ಗ್ರೀಕ್ ಮಡಕೆಗಳನ್ನೆಲ್ಲ ವೆಬ್‌ಸೈಟಿಗೆ ಏರಿಸುವ ಕೆಲಸ ನಮ್ಮದು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಮ್ಯೂಸಿಯಂ ಇಟ್ಟುಕೊಂಡಿದ್ದ ಗೋದಾಮಿನಲ್ಲಿ ಅವರು ಒಂದೊಂದನ್ನೇ ತಿರುಗುವ ಮಣೆಯ ಮೇಲಿಟ್ಟು ಚೂರುಚೂರೇ ತಿರುಗಿಸುವರು. ನಾನು ಚಿತ್ರ ತೆಗೆಯುವೆ. “ಎತ್ತೂ ಮೊದ್ಲು ಇಡೂ ಜಾಗ ನೋಡ್ಕೊಳ್ಬೇಕು ಮೇಡಂ” ಎಂಬುದು ಅವರ ಮಾತು. ನಾನು ಅವಸರಪಟ್ಟರೆ, “ಯಲ್ಲಾ ಯಲ್ಲಾ, ಬೇಗ ಬೇಗ ಅಂದ್ರೆ ಮಡಕೆ ಕೇಳೂದಿಲ್ಲ” ಎನ್ನುತ್ತಿದ್ದರು.

ಓಟಗಾರರ ಚಿತ್ರವಿದ್ದ ಒಂದು ಹೂಜಿಯ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕಿತ್ತು. ಫೋಟೋದಲ್ಲಿ ಅದು ಕೊಳೆಯಂತೆ ಕಾಣುತ್ತಿತ್ತು. ತಿದ್ದುವಂತಿಲ್ಲ ಎಂಬ ನಿಯಮ ಗೊತ್ತಿದ್ದೂ, ಚೆನ್ನಾಗಿ ಕಾಣಲಿ ಎಂದು ಅದನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟೆ. ಚಾಚಾ ಪರದೆ ನೋಡಿದವರೇ ಅಂದರು: “ಗೆರೆ ಎಲ್ಲಿ ಹೋಯ್ತು? ಹಾಗೆ ಮಾಡಬೇಡಿ.”

“ಯಾರಿಗೂ ಕಾಣಲ್ಲ ಬಿಡಿ ಚಾಚಾ,” ಎಂದೆ.

ಕೆಲವು ತಿಂಗಳ ನಂತರ ಆ ಹೂಜಿಯನ್ನು ಬೇರೊಂದು ಪ್ರದರ್ಶನಕ್ಕೆ ಕಳಿಸಬೇಕಾಯಿತು. ತಪಾಸಣೆ ಮಾಡಿದ ಮೇಲ್ವಿಚಾರಕಿ ಬಿರುಕು ಕಂಡು, ವೆಬ್‌ಸೈಟಿನ ಫೋಟೋ ತೆರೆದರು. ಅದರಲ್ಲಿ ಬಿರುಕಿಲ್ಲ. ಹಳೆಯ ದಾಖಲೆಯಲ್ಲಿದ್ದದ್ದು ‘ಸುಸ್ಥಿತಿ’ ಎಂಬ ಒಂದೇ ಪದ. ಹಾಗಾದರೆ ಬಿರುಕು ಹೊಸದು. ಹೂಜಿಯನ್ನು ಮುಟ್ಟಿದವರು ಚಾಚಾ ಒಬ್ಬರೇ. ಅವರನ್ನು ಕರೆದು ವಿಚಾರಿಸಿದರು. “ನನ್ನ ಕೈಯಲ್ಲಿ ಆಗಿದ್ದಲ್ಲ” ಎಂದದ್ದು ಬಿಟ್ಟರೆ ಅವರು ಬೇರೇನೂ ಹೇಳಲಿಲ್ಲ. ಕೆಲಸ ಹೋದರೆ ವೀಸಾ ರದ್ದು, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಎರಡು ದಿನ ಸುಮ್ಮನಿದ್ದೆ. ಕರಾಮದ ನನ್ನ ರೂಮಿನಿಂದ ಹೊರಟು ಮೆಟ್ರೋದಲ್ಲಿ ಕೂತಾಗ, ನನ್ನ ವೀಸಾದ ಬಗ್ಗೆಯೇ ಯೋಚಿಸುತ್ತಿದ್ದೆ. ಗೋದಾಮಿನಲ್ಲಿ ಅವರು ಎಂದಿನಂತೆ ನನಗೂ ಸೇರಿಸಿ ಸುಲೈಮಾನಿ ಚಹಾ ತಂದಿಟ್ಟರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ತಿದ್ದದ ಮೂಲ ಫೋಟೋವನ್ನು ಮೇಲ್ವಿಚಾರಕಿಯ ಮುಂದಿಟ್ಟು ಒಪ್ಪಿಕೊಂಡೆ. ನನಗೆ ಲಿಖಿತ ಎಚ್ಚರಿಕೆ ಬಂತು. ಚಾಚಾರ ಬಳಿ ಮೇಲ್ವಿಚಾರಕಿ ಕ್ಷಮೆ ಕೇಳಿದರು. ಆಮೇಲೆ ನಾನು ಹೋಗಿ, “ನೀವೇ ಯಾಕೆ ಹೇಳಲಿಲ್ಲ ಚಾಚಾ?” ಎಂದು ಕೇಳಿದೆ.

“ನಾನು ಹೇಳಿದ್ರೆ ಅದು ಚಾಡಿ. ನೀವು ಹೇಳಿದ್ರೆ ಮಾತು ಖಲಾಸ್,” ಎಂದರು. “ಇನ್ನೆರಡು ದಿನ ನೋಡ್ತಿದ್ದೆ ಮೇಡಂ. ಆಮೇಲೆ ಹೇಳ್ತಿದ್ದೆ. ನನಗೂ ಮಕ್ಕಳಿದ್ದಾರೆ” ಎಂದೂ ಸೇರಿಸಿದರು.

ಮರುವರ್ಷ ಅವರು ಊರಿಗೆ ಮರಳಿದರು. ಆಮೇಲೊಂದು ದಿನ, ಅವರು ಹೃದಯಾಘಾತವಾಗಿ ತೀರಿಕೊಂಡ ಸುದ್ದಿಯನ್ನು ಅವರ ಮಗ ಫೋನಿನಲ್ಲಿ ತಿಳಿಸಿದ. ನನಗೆ ಹೋಗಲಾಗಲಿಲ್ಲ.

ಈಗ ಹೊಸ ಫೋಟೋಗ್ರಾಫರುಗಳಿಗೆ ಕೆಲಸ ಕಲಿಸುವವಳು ನಾನು. ಮೊದಲ ದಿನ ಆ ಹೂಜಿಯ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಅಳಿಸಿದವರು ಯಾರೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನೇ ಎನ್ನುತ್ತೇನೆ.